ಥರ್ಮೋಸ್ಟಾಟ್ ತೆಗೆದುಕೊಡುವ ಕೆಲಸ ನಿಲ್ಲಿಸಿದ್ದೇಕೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈ ತಿಂಗಳಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಯಾವ ವಾಹನದ ಥರ್ಮೋಸ್ಟಾಟನ್ನೂ (ಎಂಜಿನ್ನಿನ ನೀರು ಬಿಸಿಯಾದ ಮೇಲೆ ಅದನ್ನು ರೇಡಿಯೇಟರಿಗೆ ಬಿಡುವ ಸಣ್ಣ ವಾಲ್ವ್) ತೆಗೆದುಹಾಕಿ ಕೊಡುವುದಿಲ್ಲ. ಎಲೆಕ್ಟ್ರಿಕ್ ಫ್ಯಾನಿಗೆ ನೇರ ವಯರ್ ಎಳೆದು ಸದಾ ತಿರುಗುವಂತೆ ಮಾಡುವ ಕೆಲಸವನ್ನೂ ಬಿಟ್ಟಿದ್ದೇವೆ. ರೇಡಿಯೇಟರಿಗೆ ಬಾವಿಯ ನೀರು ತುಂಬಿಸಿ ಕಳುಹಿಸುವುದೂ ಇಲ್ಲ. ಮಜೂರಿ ಸ್ವಲ್ಪ ಏರಿದೆ, ವಾಹನವನ್ನು ಒಂದು ದಿನ ನಮ್ಮಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ಬಾಡಿಗೆಗೆ ಓಡಿಸುವವರಿಗೆ ಒಂದು ದಿನದ ದುಡಿಮೆ ತಪ್ಪಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಆ ತೊಂದರೆಗೆ ಮನಸಾರೆ ಕ್ಷಮೆ ಕೇಳುತ್ತೇವೆ. ಆದರೆ “ಬದಿಯಡ್ಕದವರಿಗೆ ಈಗ ದೊಡ್ಡಸ್ತಿಕೆ ಬಂದಿದೆ, ಸಣ್ಣ ಕೆಲಸ ಬೇಡವಂತೆ” ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗುವವರಿಗೆ ಕೊಡಬೇಕಾದದ್ದು ಕ್ಷಮೆಯಲ್ಲ, ಉತ್ತರ.

ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: “ಆ ಸಣ್ಣ ವಾಲ್ವ್ ತೆಗೆದರೆ ಗಾಡಿ ತಣ್ಣಗಿರುತ್ತದೆ. ಮೊದಲು ನೀವೇ ತೆಗೆದುಕೊಡುತ್ತಿದ್ದಿರಿ. ಈಗೇನಾಯಿತು?”

ಹೌದು, ತೆಗೆದುಕೊಡುತ್ತಿದ್ದೆವು. ಅದು ಹಳೆಯ ಡೀಸೆಲ್ ಜೀಪುಗಳ ಕಾಲ. ತುಕ್ಕು ಹಿಡಿದು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಥರ್ಮೋಸ್ಟಾಟಿನ ಬದಲಿಗೆ ಹೊಸದು ಬೇಕೆಂದರೆ ಮಂಗಳೂರಿಗೆ ಹೇಳಿ ಕಳುಹಿಸಬೇಕಿತ್ತು. ಅದು ಬರುವವರೆಗೆ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸುವ ಬದಲು ತೆಗೆದು ಓಡಿಸುವುದೇ ಅಂದಿಗೆ ಸರಿಯಾಗಿತ್ತು. ತಾನು ಎಷ್ಟು ಬಿಸಿಯಾಗಿದ್ದೇನೆ ಎಂದು ಲೆಕ್ಕವಿಡುವ ಕಂಪ್ಯೂಟರ್ ಆ ಎಂಜಿನ್ನಿಗೆ ಇರಲಿಲ್ಲ. ಇಂದಿನ ಎಂಜಿನ್ನಿಗೆ ಇದೆ.

ಥರ್ಮೋಸ್ಟಾಟಿನ ಹೊಟ್ಟೆಯಲ್ಲಿರುವುದು ಮೇಣ. 82 ಡಿಗ್ರಿ ಅಥವಾ 88 ಡಿಗ್ರಿ ಎಂದು ಅದರ ಮೇಲೆಯೇ ಕೊರೆದಿರುತ್ತಾರೆ. ಅಷ್ಟು ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳುತ್ತದೆ, ಆಗ ನೀರು ರೇಡಿಯೇಟರಿಗೆ ಹರಿಯತೊಡಗುತ್ತದೆ. ಅಲ್ಲಿಯವರೆಗೆ ನೀರನ್ನು ಎಂಜಿನ್ನಿನೊಳಗೇ ಸುತ್ತಿಸಿ ಬೇಗ ಬಿಸಿ ಮಾಡುವುದು ಅದರ ಕೆಲಸ. ಎಂಜಿನ್ನಿಗೆ ಈ ಬಿಸಿ ಬೇಕು. ಆಯಿಲ್ ತೆಳುವಾಗಿ ಎಲ್ಲ ಕಡೆ ಹರಿಯುವುದು, ಅದರಲ್ಲಿ ಸೇರಿದ ತೇವ ಮತ್ತು ಉರಿಯದ ಇಂಧನ ಆವಿಯಾಗಿ ಹೋಗುವುದು ಬಿಸಿಯಾದ ಮೇಲೆಯೇ. ಬದಿಯಡ್ಕದಿಂದ ನೀರ್ಚಾಲಿಗೆ ಹೋಗಿ ಬರುವಷ್ಟು ಓಡುವ ಗಾಡಿಯಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಮಳೆಗಾಲವಿಡೀ ಅರೆಬಿಸಿಯಲ್ಲೇ ಇರುತ್ತದೆ. ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಸವೆಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಲೇ ಇರುವುದರಿಂದ ಕಂಪ್ಯೂಟರ್ ಇಂಧನವನ್ನು ಹೆಚ್ಚು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಗಾಡಿಗಳಲ್ಲಿ ಕಷ್ಟ ಇನ್ನೂ ದೊಡ್ಡದು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ಆಗಾಗ ಸುಟ್ಟುಕೊಳ್ಳಬೇಕು. ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಆ ಸುಡುವಿಕೆ ಶುರುವಾಗುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಶೋರೂಮಿನಲ್ಲಿ ಬರುವ ಬಿಲ್ಲು ನೋಡಿದ ಮೇಲೆ ಬೈಗುಳ ನಮಗೆ ಬರುತ್ತದೆ.

ಇಷ್ಟು ಹೇಳಿದರೂ “ಚಡಾವಿನಲ್ಲಿ ಕುದಿಯುವುದಕ್ಕಿಂತ ಇದೇ ವಾಸಿ” ಎನ್ನುವವರಿದ್ದಾರೆ. ಅವರು ಇದೊಂದನ್ನು ಗಮನವಿಟ್ಟು ಓದಬೇಕು. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಕೆಳಭಾಗದಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ವಾಲ್ವ್ ರೇಡಿಯೇಟರಿನ ದಾರಿ ತೆರೆಯುವಾಗ ಈ ಬಿಲ್ಲೆ ಬೈಪಾಸ್ ದಾರಿಯನ್ನು, ಅಂದರೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ಒಳದಾರಿಯನ್ನು, ಮುಚ್ಚುತ್ತದೆ. ಇಡೀ ಥರ್ಮೋಸ್ಟಾಟನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್ಸು ಬರುತ್ತದೆ. ಊರಿನೊಳಗೆ ತಣ್ಣಗಿದ್ದ ಗಾಡಿ ಲೋಡು ಹೊತ್ತು ಸಂಪಾಜೆ ಘಾಟಿ ಹತ್ತುವಾಗ ಮೊದಲಿಗಿಂತ ಹೆಚ್ಚು ಬಿಸಿಯಾಗಲು ಇದೇ ಕಾರಣ. (ನೀರು ಜೋರಾಗಿ ಓಡಿದರೆ ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ ಎಂದು ಕೆಲವು ಮೆಕ್ಯಾನಿಕರು ವಿವರಿಸುತ್ತಾರೆ. ಅದು ತಪ್ಪು. ನೀರಿನ ಓಟ ಹೆಚ್ಚಿದಷ್ಟೂ ರೇಡಿಯೇಟರ್ ಹೆಚ್ಚು ಶಾಖ ಬಿಡುತ್ತದೆ. ತೊಂದರೆ ಇರುವುದು ದಾರಿ ತಪ್ಪುವ ನೀರಿನಲ್ಲಿ.)

ಎಂಜಿನ್ ಕುದಿಯುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಇನ್ನು ಮುಂದೆ ನಾವು ಅದನ್ನು ಹುಡುಕಿ ಸರಿಮಾಡುತ್ತೇವೆ. ಮೊದಲು ನೋಡುವುದು ಮುಚ್ಚಳ. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ರೇಡಿಯೇಟರಿನ ಮುಚ್ಚಳವೂ ಮಾಡುತ್ತದೆ. 0.9 ಬಾರ್ ಎಂದು ಬರೆದ ಮುಚ್ಚಳ ಸರಿಯಿದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತಿದ್ದರೆ 100ಕ್ಕೇ ಕುದಿಯುತ್ತದೆ. ಒಂದು ಮುಚ್ಚಳದಲ್ಲಿ ಮುಗಿಯಬೇಕಾದದ್ದಕ್ಕೆ ಹೊಸ ರೇಡಿಯೇಟರ್ ಹಾಕಿಸಿಕೊಂಡು ಬಂದವರನ್ನು ನೋಡಿದ್ದೇವೆ. ನಮ್ಮಲ್ಲಿ ಹಾಕಿಸಿಕೊಂಡದ್ದಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಆಮೇಲೆ ಫಿನ್‌ಗಳು, ಅಂದರೆ ರೇಡಿಯೇಟರಿನಲ್ಲಿ ಗಾಳಿ ಹಾಯುವ ತೆಳು ತಗಡುಗಳು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗುವಾಗ ಎದ್ದ ಕೆಂಪು ಧೂಳು ಎಷ್ಟೋ ಗಾಡಿಗಳ ಫಿನ್‌ಗಳಲ್ಲಿ ಇಂದಿಗೂ ಗಟ್ಟಿಯಾಗಿ ಕೂತಿದೆ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವಚವನ್ನು ಯಾರೋ ಬಿಚ್ಚಿ ಮತ್ತೆ ಹಾಕದೇ ಬಿಟ್ಟಿರುತ್ತಾರೆ. ಆ ಕವಚವಿಲ್ಲದ ಫ್ಯಾನ್ ರೇಡಿಯೇಟರಿನ ಒಂದು ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ಇನ್ನು ಜಾತ್ರೆಗೋ ಯಕ್ಷಗಾನ ಮೇಳಕ್ಕೋ ಬಾಡಿಗೆ ಹೋಗುವ ಗಾಡಿಯ ಮುಖಕ್ಕೆ ಫ್ಲೆಕ್ಸ್ ಕಟ್ಟಿದ ಮೇಲೆ ಗಾಳಿ ಎಲ್ಲಿಂದ ನುಗ್ಗಬೇಕು? ಬಿಚ್ಚಿಸಲು ನಾವು ಕಾಸು ಕೇಳುವುದಿಲ್ಲ.

ಬಾವಿಯ ನೀರಿನ ಬಗ್ಗೆ. “ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರಿಗಿಂತ ಶುದ್ಧವಾದದ್ದು ಯಾವುದಿದೆ” ಎಂದು ಕೇಳುತ್ತೀರಿ. ಕುಡಿಯಲು ಬಲು ಚೆನ್ನ. ಆದರೆ ಮುರಕಲ್ಲಿನಲ್ಲಿ ಇಳಿದು ಬರುವ ನೀರಿಗೆ ಸ್ವಲ್ಪ ಹುಳಿ ಗುಣವಿದೆ, ಹಲವು ಕಡೆ ಕಬ್ಬಿಣದ ಅಂಶವೂ ಇದೆ. ಈಗಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಅದು ಆಗಿಬರುವುದಿಲ್ಲ. ಹಿಮ ಬೀಳದ ಊರಿನಲ್ಲಿ ಕೂಲಂಟ್ (ನೀರು ಹೆಪ್ಪುಗಟ್ಟದಂತೆ ಅದಕ್ಕೆ ಬೆರೆಸುವ ದ್ರವ) ಏಕೆ ಬೇಕು ಎಂದರೆ, ತುಕ್ಕು ತಡೆಯಲು ಮತ್ತು ಕುದಿಯುವ ಮಟ್ಟ ಏರಿಸಲು. ಶಾಖ ಹೊರುವುದರಲ್ಲಿ ಬರೀ ನೀರೇ ಮೇಲು, ಅದನ್ನು ಮುಚ್ಚಿಡುವುದಿಲ್ಲ.

ಈಗ ಖರ್ಚಿನ ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು, ನೀವು ಮಾತ್ರ ಏರಿಸಿದಿರಿ ಎಂದು ಆರೋಪ. ಹೊಸ ರೇಡಿಯೇಟರ್ ಕೊಂಡವರ ಬಿಲ್ಲಿನಲ್ಲಿ ಆ ಇಳಿಕೆ ಇದೆ, ತೆಗೆದು ನೋಡಿ. ಆದರೆ ಬೆಸುಗೆಗೆ ಬೇಕಾದ ತವರ, ಕೋರಿಗೆ (ರೇಡಿಯೇಟರಿನ ನೀರು ಹರಿಯುವ ಕೊಳವೆಗಳ ಭಾಗ) ಬೇಕಾದ ತಾಮ್ರ, ಟಾರ್ಚಿನ ಗ್ಯಾಸ್ ಇವುಗಳ ತೆರಿಗೆ ಇದ್ದಲ್ಲೇ ಇದೆ. ತಾಮ್ರದ ಬೆಲೆ ಗೊತ್ತಿಲ್ಲದವರು ಗುಜರಿ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ನೀರಿಗೂ ಈಗ ದುಡ್ಡು, ಏಕೆಂದರೆ ಕೂಲಂಟಿಗೆ ಬೆರೆಸುವುದು ಡಿಸ್ಟಿಲ್ಡ್ ವಾಟರ್. ಮೊದಲು ಹಳೆಯ ನೀರನ್ನು ಅಂಗಳಕ್ಕೆ ಬಿಟ್ಟರೆ ಆಗುತ್ತಿತ್ತು. ಕೂಲಂಟನ್ನು ಹಾಗೆ ಬಿಡಲಾಗದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಬದುಕುವುದು ಕಷ್ಟ. ನಮ್ಮ ಅಂಗಳದ ಕೆಳಗೆ ಅಡಿಕೆ ತೋಟವಿದೆ. ಹಾಗಾಗಿ ಕ್ಯಾನುಗಳಲ್ಲಿ ತುಂಬಿಸಿ ಸಾಗಿಸುತ್ತೇವೆ, ಸಾಗಾಟದ ಬಾಡಿಗೆಯನ್ನು ನಾವೇ ಕೊಡುತ್ತೇವೆ. ಇದು ಯಾರ ಕಣ್ಣಿಗೂ ಬೀಳದ ಖರ್ಚು.

ಒಂದು ದಿನ ಏಕೆ ಎಂಬುದಕ್ಕೂ ಕಾರಣವಿದೆ. ತೊಳೆದು ತುಂಬಿಸಿದ ಮೇಲೆ ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ ಒಳಗಿನ ಗಾಳಿ ತೆಗೆಯಬೇಕು, ಪೂರ್ತಿ ತಣಿಯಲು ಬಿಟ್ಟು ಮತ್ತೆ ಮಟ್ಟ ನೋಡಬೇಕು. ಗಾಳಿ ಉಳಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಏಟು.

ಹಳೆಯ ಜೀಪುಗಳ ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಮೂರು ಸಾಲಿನ ಕೋರ್ ಬದಲು ನಾಲ್ಕು ಸಾಲಿನದು ಕೂರಿಸುವ ಕೆಲಸ ಎಂದಿನಂತೆ ನಡೆಯುತ್ತದೆ. ಎಂಜಿನ್ ತಣ್ಣಗಿಡುವ ಮಾರ್ಪಾಡು ಎಂದರೆ ನಮ್ಮ ಪ್ರಕಾರ ಅದು, ಅದರಲ್ಲಿ ನಮ್ಮ ಕೈ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ.

ನಂಬಿಕೆ ಬಾರದಿದ್ದರೆ ನಿಮ್ಮ ಥರ್ಮೋಸ್ಟಾಟನ್ನು ನಿಮ್ಮೆದುರೇ ಬಿಸಿನೀರಿನ ಪಾತ್ರೆಗೆ ಹಾಕಿ, ಎಷ್ಟು ಡಿಗ್ರಿಗೆ ತೆರೆಯುತ್ತದೆ ಎಂದು ತೋರಿಸುತ್ತೇವೆ. ಸರಿಯಿದ್ದರೆ ಅದನ್ನೇ ವಾಪಸ್ಸು ಹಾಕುತ್ತೇವೆ, ಪರೀಕ್ಷೆಗೆ ದುಡ್ಡಿಲ್ಲ. ಹಿಂದೆ ನಮ್ಮಲ್ಲೇ ತೆಗೆಸಿಕೊಂಡವರು ಹೊಸದನ್ನು ತಂದರೆ ಕೂರಿಸುವ ಮಜೂರಿ ಬೇಡ. ಹೊಸದು ಸಿಗದಿದ್ದರೆ ನಾವೇ ತರಿಸಿಕೊಡುತ್ತೇವೆ, ಬಿಲ್ಲಿನಲ್ಲಿದ್ದ ಬೆಲೆಗೆ.

ಗಾಡಿಯನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸಿದರೆ ಬೆಳಗ್ಗೆ ತಣ್ಣಗಿರುವಾಗಲೇ ಕೆಲಸ ಶುರು ಮಾಡಬಹುದು, ಸಂಜೆಯೊಳಗೆ ಕೊಡಬಹುದು. ದಾರಿಯಲ್ಲಿ ಕುದಿದರೆ ದಯವಿಟ್ಟು ಬಿಸಿಯಲ್ಲಿ ಮುಚ್ಚಳ ತೆರೆಯಬೇಡಿ, ಎಂಜಿನ್ ಆರಿಸಿ ಅಲ್ಲಿಂದಲೇ ನಮಗೆ ಫೋನ್ ಮಾಡಿ.

ಇಂತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ,
ಬದಿಯಡ್ಕ