ಸರ್ವರ್ ಕೊಳ್ಳಲು ಸಾಲ ಉಂಟು, ಬಾಡಿಗೆಗೆ ಇಲ್ಲ

ಮಾನ್ಯ ಸಂಪಾದಕರೇ,

ಗೇಮ್ ಸರ್ವರ್ (ಹಲವರು ಒಟ್ಟಿಗೆ ಆನ್‌ಲೈನ್ ಆಟ ಆಡಲು ಬೇಕಾದ ಯಂತ್ರ) ಬಾಡಿಗೆಗೆ ಕೊಡುವ ವ್ಯವಹಾರದ ಬಗ್ಗೆ ತಮ್ಮ ಸ್ವಉದ್ಯೋಗ ಪುಟದಲ್ಲಿ ಬಂದ ಬರಹ ಓದಿದೆ. ಪೆರ್ಲದಲ್ಲಿ ಕೂತು ಇದೇ ಕೆಲಸ ಮಾಡುವವನು ನಾನು. ಹಳ್ಳಿಯಿಂದಲೂ ಇದು ಸಾಧ್ಯ ಎಂದು ಬರೆದದ್ದು ಸಂತೋಷ. ಆದರೆ ಹಳೆಯ ಸರ್ವರ್ ಒಂದನ್ನು ಕೊಂಡು ಮನೆಯ ಮೂಲೆಯಲ್ಲಿಟ್ಟರೆ ಸಾಕು ಎಂಬ ಸಲಹೆಯನ್ನು ಯಾರಾದರೂ ನಂಬಿದರೆ ದುಡ್ಡು ಹೊಳೆಗೆ ಹಾಕಿದ ಹಾಗೆಯೇ.

ಮೊದಲು ಯಂತ್ರದ ವಿಷಯ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಮೈನ್‌ಕ್ರಾಫ್ಟ್ ಆಡುವ ಹುಡುಗರು. ಕುಂಬಳೆ, ಉಪ್ಪಳ, ಪುತ್ತೂರಿನವರು, ಕೆಲವರು ದುಬೈಯವರು. ಇಟ್ಟಿಗೆಯಂಥ ಚೌಕಗಳಿಂದ ಲೋಕ ಕಟ್ಟುವ ಈ ಆಟದ ಸರ್ವರ್ ಸೆಕೆಂಡಿಗೆ 20 ಸಲ ಇಡೀ ಲೋಕದ ಲೆಕ್ಕ ಹಾಕುತ್ತದೆ. ಅಂದರೆ ಒಂದೊಂದು ಸುತ್ತಿಗೆ, ನಾವು ಟಿಕ್ ಎನ್ನುವುದಕ್ಕೆ, ಸಿಗುವುದು 50 ಮಿಲಿಸೆಕೆಂಡ್. ಆ ಲೆಕ್ಕದ ಮುಖ್ಯ ಪಾಲು ನಡೆಯುವುದು ಪ್ರೊಸೆಸರಿನ ಒಂದೇ ಕೋರ್‌ನಲ್ಲಿ. ಅಂಗಳದಲ್ಲಿ ಹತ್ತು ಆಳುಗಳಿದ್ದರೂ ಒಂದು ಅಡಕೆ ಮರಕ್ಕೆ ಹತ್ತುವವ ಒಬ್ಬನೇ ಅಲ್ಲವೇ, ಹಾಗೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಝಿಯಾನ್ ಇ5-2680 ವಿ2 ಎಂಬುದು ಇಂಟೆಲ್ ಕಂಪನಿಯ 2013ರ ಸರ್ವರ್ ಚಿಪ್. 10 ಕೋರ್ ಇದೆ, ಆದರೆ ಎಷ್ಟು ಓಡಿಸಿದರೂ 3.6 ಗಿಗಾಹರ್ಟ್ಸ್ ದಾಟದು. 2020ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 9 5950ಎಕ್ಸ್ 4.9ರವರೆಗೆ ಹೋಗುತ್ತದೆ, ಅಷ್ಟೇ ಗಿಗಾಹರ್ಟ್ಸಿನಲ್ಲಿ ಮಾಡುವ ಕೆಲಸವೂ ಹೆಚ್ಚು. ಎರಡು ಹಳೆಯ ಝಿಯಾನ್ ಜೋಡಿಸಿ ಇಪ್ಪತ್ತು ಕೋರ್ ಎಂದು ಬೀಗುವವರ ಸರ್ವರಿನಲ್ಲಿ ಯಾವನೋ ಹುಡುಗ ಆಟದೊಳಗೆ ಕಬ್ಬಿಣ ಉತ್ಪಾದಿಸುವ ದೊಡ್ಡ ಫಾರ್ಮ್ ಕಟ್ಟಿ ನೂರಾರು ಹಾಪರ್ (ವಸ್ತು ಹೀರಿ ಸಾಗಿಸುವ ಪೆಟ್ಟಿಗೆ) ಜೋಡಿಸಿದ ಅಂದುಕೊಳ್ಳಿ. ಟಿಕ್ 50 ದಾಟಿ 80ಕ್ಕೆ ಏರುತ್ತದೆ. ಅಗೆದು ತೆಗೆದ ಕಲ್ಲು ಮತ್ತೆ ಅಲ್ಲೇ ಬಂದು ಕೂರುತ್ತದೆ, ಬಾಗಿಲು ಒತ್ತಿದ ಮೇಲೆ ಯೋಚಿಸಿ ತೆರೆಯುತ್ತದೆ. ಹತ್ತೊಂಬತ್ತು ಕೋರ್ ಸುಮ್ಮನೆ ಕೂತು ನೋಡುತ್ತವೆ. ಗಿರಾಕಿ ಮಾತ್ರ "ಅಣ್ಣಾ, ಇನ್ನೆರಡು ಜಿಬಿ ರ‍್ಯಾಮ್ ಹಾಕಿ" ಎನ್ನುತ್ತಾನೆ. ರ‍್ಯಾಮ್ ಹಾಕಿದರೆ ಆಗುವುದೇನೂ ಇಲ್ಲ. ಈ ವ್ಯವಹಾರದಲ್ಲಿ ಎಲ್ಲರೂ ಜಿಬಿ ಲೆಕ್ಕದಲ್ಲೇ ಮಾರುವುದರಿಂದ ಬಂದ ಭ್ರಮೆ ಅದು.

ಇನ್ನು ಮನೆಯಲ್ಲಿಡುವ ಮಾತು. ಆ ಜೋಡಿ ಝಿಯಾನ್ ಸರಾಸರಿ 250 ವ್ಯಾಟ್ ಎಳೆದರೂ ತಿಂಗಳಿಗೆ 180 ಯೂನಿಟ್. ತುಲಾ ತಿಂಗಳ ಗುಡುಗು ಮಿಂಚಿಗೆ ನಮ್ಮ ಕಡೆ ಮೋಡೆಮ್ ಉಳಿಸಿಕೊಳ್ಳುವುದೇ ಒಂದು ಸಾಹಸ, ಎಲ್ಲ ಪ್ಲಗ್ ಕಿತ್ತಿಟ್ಟು ಕೂರಬೇಕು. ಸರ್ವರಿನ ಪ್ಲಗ್ ಕೀಳಲಾದೀತೇ? ಬಹಳಷ್ಟು ಮನೆ ಕನೆಕ್ಷನ್‌ಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಐಪಿ ವಿಳಾಸ (ಅಂತರ್ಜಾಲದಲ್ಲಿನ ಮನೆ ನಂಬರ್) ಇರುತ್ತದೆ. ಅಂಥಲ್ಲಿ ಸ್ಟ್ಯಾಟಿಕ್ ಐಪಿ (ನಮಗೊಬ್ಬರಿಗೇ ಸೇರಿದ, ಬದಲಾಗದ ವಿಳಾಸ) ತೆಗೆದುಕೊಳ್ಳದೆ ಹೊರಗಿನ ಆಟಗಾರ ನೇರವಾಗಿ ಒಳಗೆ ಬರುವುದಕ್ಕೇ ಆಗದು.

ಎಲ್ಲಕ್ಕಿಂತ ದೊಡ್ಡ ಪೀಡೆ ಡಿಡಾಸ್ ದಾಳಿ, ಅಂದರೆ ಅನೇಕ ಯಂತ್ರಗಳಿಂದ ಒಂದೇ ಸಲ ಸುಳ್ಳು ಟ್ರಾಫಿಕ್ ಸುರಿದು ಸರ್ವರನ್ನು ಮುಳುಗಿಸುವುದು. ಆಟದಲ್ಲಿ ಸೋತ ಸಿಟ್ಟಿಗೆ ಚಿಲ್ಲರೆ ದುಡ್ಡು ಕೊಟ್ಟು ಸರ್ವರ್ ಮೇಲೆ ಟ್ರಾಫಿಕ್ ಸುರಿಸುವ ಹುಡುಗರಿದ್ದಾರೆ. ಉತ್ಪ್ರೇಕ್ಷೆ ಅಲ್ಲ. 2016ರಲ್ಲಿ ಕ್ಯಾಮೆರಾ, ರೌಟರುಗಳನ್ನೆಲ್ಲ ವಶ ಮಾಡಿಕೊಂಡು ಅಂತರ್ಜಾಲವನ್ನೇ ನಡುಗಿಸಿದ ಮಿರಾಯ್ ಬಾಟ್‌ನೆಟ್ಟಿನ ಬೇರು ಇದ್ದದ್ದು ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರ ಪೈಪೋಟಿಯಲ್ಲೇ. ಮನೆಯ ಲೈನಿಗೆ ಅಂಥ ದಾಳಿ ಬಂದರೆ ಕ್ಷಣಮಾತ್ರದಲ್ಲಿ ಕತೆ ಮುಗಿಯಿತು. ಡೇಟಾ ಸೆಂಟರಿನಲ್ಲಿ (ಸರ್ವರುಗಳನ್ನು ಇಟ್ಟು ನಡೆಸುವ ಕಟ್ಟಡ) ಯಂತ್ರ ಬಾಡಿಗೆಗೆ ಪಡೆಯುವುದಾದರೂ ಕೇಳಿಯೇ ಹೋಗಬೇಕು. ನಾನು ಮೊದಲು ಬಾಡಿಗೆಗೆ ಪಡೆದ ಕಡೆ, ಹೆಸರು ಬೇಡ, ದಾಳಿ ಬಂದಾಗ ಅವರ ರಕ್ಷಣೆ ಎಂದರೆ ನಮ್ಮ ಐಪಿಯನ್ನೇ ಕಡಿದು ಹಾಕುವುದಾಗಿತ್ತು. ಒಬ್ಬ ಗಿರಾಕಿಗೆ ಬಂದ ದಾಳಿಗೆ ಅದೇ ಯಂತ್ರದ ಎಲ್ಲರ ಆಟವೂ ನಿಂತಿತು, ಅದೂ ಭಾನುವಾರ ಸಂಜೆ. ದಾಳಿಯನ್ನು ಸೋಸಿ ಆಟದ ಟ್ರಾಫಿಕ್ ಮಾತ್ರ ಒಳಗೆ ಬಿಡುತ್ತೀರಾ, ಯುಡಿಪಿಯನ್ನೂ (ಹಲವು ಆಟಗಳು ಮಾಹಿತಿ ಸಾಗಿಸುವ ವಿಧಾನ) ಸೋಸುತ್ತೀರಾ ಎಂದು ಬರಹದಲ್ಲೇ ಉತ್ತರ ಪಡೆದು ಮುಂದುವರಿಯಬೇಕು.

ಈಗ ನನ್ನದು ಮುಂಬೈಯಲ್ಲಿರುವ ಬಾಡಿಗೆ ಯಂತ್ರ: ಒಂದು ರೈಜನ್, 128 ಜಿಬಿ ರ‍್ಯಾಮ್, ಎನ್‌ವಿಎಂಇ ಎಂಬ ವೇಗದ ಡಿಸ್ಕ್. ಮೇಲೆ ಟೆರೊಡ್ಯಾಕ್ಟಿಲ್ ಎಂಬ ಉಚಿತ ಪ್ಯಾನೆಲ್ (ಸರ್ವರುಗಳನ್ನು ನಿಭಾಯಿಸುವ ತಂತ್ರಾಂಶ). ಯುರೋಪಿನಲ್ಲಿ ಇದಕ್ಕಿಂತ ಅಗ್ಗ, ಆದರೆ ಅಲ್ಲಿಗೆ ಪಿಂಗ್ (ಸಂಕೇತ ಹೋಗಿ ಬರುವ ಸಮಯ) ನೂರು ಮಿಲಿಸೆಕೆಂಡಿನ ಕೆಳಗೆ ಬಾರದು. ಸಮುದ್ರದ ಕೇಬಲ್ಲುಗಳು ಮುಂಬೈಗೆ ಬಂದು ಸೇರುವುದರಿಂದ ದುಬೈಯವನಿಗೂ ಉಪ್ಪಳದವನಿಗೂ ಅಲ್ಲಿ ಹದವಾಗುತ್ತದೆ.

ಹಾಗಾದರೆ ನಮ್ಮ ಹುಡುಗರು ಕೊಳ್ಳುವ ಹಟಕ್ಕೆ ಬೀಳುವುದೇಕೆ? ಸಾಲ ಸುಲಭವಾಗಿ ಸಿಗುವುದು ಕೊಳ್ಳುವುದಕ್ಕೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ (ಪಿಎಂಇಜಿಪಿ) ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಪ್ರಾಜೆಕ್ಟ್ ಹಾಕಬಹುದು, ಸಬ್ಸಿಡಿಯೂ ಉಂಟು. ಆದರೆ ಬಂಡವಾಳ ವೆಚ್ಚ ಇಲ್ಲದ ಪ್ರಾಜೆಕ್ಟನ್ನು ಅದು ಪರಿಗಣಿಸುವುದಿಲ್ಲ. ನಾನು ಹೋಗಿದ್ದ ಬ್ಯಾಂಕಿನಲ್ಲಿ ಮೊದಲು ಗೇಮ್ ಎಂದರೆ ಜೂಜು ಎಂದುಕೊಂಡರು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವುದನ್ನು ಎಂದು ವಿವರಿಸಿದ ಮೇಲೆ "ಮೆಷಿನರಿ ಕೊಟೇಷನ್ ಎಲ್ಲಿ?" ಎಂದರು. ತಿಂಗಳ ಬಾಡಿಗೆಯ ಬಿಲ್ಲಿಗೆ ಅಲ್ಲಿ ಬೆಲೆ ಇಲ್ಲ. ಕೊನೆಗೆ ನಮ್ಮ ಹುಡುಗರು ಕೊಟೇಷನ್ ತೋರಿಸಲೆಂದೇ ಹಳೆಯ ಝಿಯಾನ್ ಕೊಳ್ಳುತ್ತಾರೆ.

ಇದೇ ಯೋಜನೆಯಲ್ಲಿ ವರ್ಕ್‌ಶೆಡ್ಡಿನ ಬಾಡಿಗೆಯನ್ನು ಗರಿಷ್ಠ ಮೂರು ವರ್ಷದವರೆಗೆ ಪ್ರಾಜೆಕ್ಟ್ ವೆಚ್ಚದಲ್ಲಿ ಸೇರಿಸಲು ಅವಕಾಶವಿದೆ. ನಮಗೆ ಡೇಟಾ ಸೆಂಟರೇ ಶೆಡ್ಡು. ಅದರ ಬಾಡಿಗೆಯನ್ನೂ ಅದೇ ಲೆಕ್ಕಕ್ಕೆ ಹಿಡಿಯಿರಿ ಎಂದು ಈ ಯೋಜನೆ ನಡೆಸುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಮುಟ್ಟುವ ಹಾಗೆ ತಮ್ಮ ಪತ್ರಿಕೆ ಬರೆಯಬೇಕೆಂದು ವಿನಂತಿ.

ಇತಿ,
ಓದುಗ, ಪೆರ್ಲ, ಕಾಸರಗೋಡು