ನಮ್ಮ ಬೀದಿಯ ಹಿರಿಯರ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. 2020ರ ಮಾರ್ಚ್ 25ಕ್ಕೆ ಕೊರೊನಾ ಲಾಕ್‌ಡೌನ್ ಶುರುವಾಯಿತು. ಆಮೇಲೆ ಅಂಗಡಿ, ಬಸ್ಸು ಒಂದೊಂದೇ ಶುರುವಾದರೂ 65 ದಾಟಿದವರು ಮನೆಯಲ್ಲೇ ಇರಿ ಅಂತ ಸರ್ಕಾರ ಹೇಳುತ್ತಲೇ ಇತ್ತು. ಜೀವ ಉಳಿಯಲು ಅದು ಬೇಕಿತ್ತು, ನಿಜ. ಆದರೆ ಪಾರ್ಕಿನ ಕಲ್ಲುಬೆಂಚು, ಸಂಜೆಯ ಭಜನೆ, ಮದುವೆ ಮನೆ ಊಟ ಎಲ್ಲ ಒಟ್ಟಿಗೆ ತಪ್ಪಿಹೋಯಿತು. ಹತ್ತಿರದವರು ತೀರಿಕೊಂಡಾಗ ಕೊನೆಯದಾಗಿ ಮುಖ ನೋಡಲೂ ಎಷ್ಟೋ ಜನರಿಗೆ ಆಗಲಿಲ್ಲ.

ನಮ್ಮಮ್ಮ ಇವತ್ತಿಗೂ ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಾರೆ. ಯಾರಾದರೂ ಕೆಮ್ಮಿದರೆ ಎದ್ದು ಒಳಗೆ ಹೋಗುತ್ತಾರೆ. ಮೊದಲು ಸುಮ್ನೆ ಅಭ್ಯಾಸ ಅಂದುಕೊಂಡಿದ್ದೆ. ಅದು ಒಳಗೇ ಉಳಿದ ಭಯ ಅಂತ ಈಗ ಗೊತ್ತಾಗುತ್ತಿದೆ.

ನಿದ್ದೆ ಬರಲ್ಲ, ಊಟ ಸೇರಲ್ಲ, ಮಾತು ಕಡಿಮೆಯಾಗಿದೆ ಅಂದರೆ ವಯಸ್ಸಾಯಿತು ಅಂತ ಬಿಟ್ಟುಬಿಡಬೇಡಿ. ಖಿನ್ನತೆಯೂ ಹೀಗೇ ಕಾಣಿಸಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಎರಡನ್ನೂ ದೊಡ್ಡದಾಗಿ ಬರೆದು ಅವರ ಮಂಚದ ಹತ್ತಿರ ಅಂಟಿಸಿ.

ಈ ಭಾನುವಾರ ಸಂಜೆ 5ಕ್ಕೆ ಪಾರ್ಕಿನಲ್ಲಿ ಸೇರೋಣ. ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ. ನಡೆಯಲು ಕಷ್ಟವಿದ್ದರೆ ಇಲ್ಲೇ ತಿಳಿಸಿ, ನಾವೇ ಮನೆಗೆ ಬರುತ್ತೇವೆ. ಕಾಫಿ ನಾನು ತರುತ್ತೇನೆ.