ಕಾಣದ ನಕ್ಷತ್ರಗಳ ಬಗ್ಗೆಯೂ ಬರೆಯಿರಿ

ಪ್ರಿಯ ಸಿಂಧು ಅವರಿಗೆ,

ನಮಸ್ಕಾರ. ಬೆಳಕು ನಿಯತವಾಗಿ ಏರಿಳಿಯುವ, ದೂರ ಅಳೆಯಲು ನೆರವಾಗುವ ಆರ್‌ಆರ್ ಲೈರೆ ನಕ್ಷತ್ರಗಳನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಭಾಷೆ ಹದವಾಗಿದೆ. ಆದರೆ ದೂರಗಳನ್ನೆಲ್ಲ ಸಿದ್ಧ ಉತ್ತರಗಳಂತೆ ಸಾಲಾಗಿ ಕೊಟ್ಟಿದ್ದೀರಿ. ಒಂದೊಂದು ಅಂಕಿಯೂ ಯಾವ ಊಹೆಯ ಮೇಲೆ ನಿಂತಿದೆ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ನನ್ನ ತಕರಾರು ಇದೊಂದೇ.

ಈ ನಕ್ಷತ್ರಗಳು ‘ಹಿಗ್ಗಿ ಕುಗ್ಗುತ್ತವೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ತುಸು ನಿಲ್ಲಿ. ಹೊರಪದರದ ಹೀಲಿಯಂ ಒತ್ತಡದಿಂದ ಬಿಸಿಯಾದಾಗ ಉಳಿದಿದ್ದ ಎಲೆಕ್ಟ್ರಾನನ್ನೂ ಕಳೆದುಕೊಂಡು ಒಳಗಿನ ಬೆಳಕನ್ನು ತಡೆಯುತ್ತದೆ. ತಡೆಹಿಡಿದ ಶಾಖವು ಅನ್ನದ ಪಾತ್ರೆಯ ಮುಚ್ಚಳವನ್ನು ಆವಿ ಎತ್ತುವಂತೆ ಪದರವನ್ನು ಹೊರಕ್ಕೆ ತಳ್ಳುತ್ತದೆ. ಹಿಗ್ಗಿ ತಣಿದ ಮೇಲೆ ಶಾಖಕ್ಕೆ ದಾರಿ ಸಿಕ್ಕಿ ಪದರ ಮತ್ತೆ ಕುಸಿಯುತ್ತದೆ. ಈ ಗುಂಪಿಗೆ ಹೆಸರು ಕೊಟ್ಟ ತಾರೆಯಲ್ಲಿ ಇಷ್ಟೆಲ್ಲ ನಡೆಯಲು ಸುಮಾರು 13 ಗಂಟೆ 36 ನಿಮಿಷ ಸಾಕು. ಸಾವಿರ ಕೋಟಿ ವರ್ಷಗಳಷ್ಟು ಹಳೆಯ ಈ ತಾರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಸೂರ್ಯನ 40–50 ಪಟ್ಟು, ಬೆಳಗುವುದರಿಂದಲೇ ಅವು ಎಷ್ಟು ಮಂಕಾಗಿ ಕಾಣುತ್ತವೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು.

1918ರ ಹೊತ್ತಿಗೆ ಖಗೋಳಜ್ಞ ಹಾರ್ಲೊ ಶಾಪ್ಲಿ ಇವುಗಳ ನೆರವಿನಿಂದ ಗೋಳಗುಚ್ಛಗಳ (ಚೆಂಡಿನಂತೆ ಒತ್ತಾಗಿ ನೆರೆದ ಹಳೆಯ ತಾರೆಗಳ ಗುಂಪುಗಳ) ದೂರ ಅಳೆದು, ಸೂರ್ಯ ಆಕಾಶಗಂಗೆಯ ನಡುವೆ ಇಲ್ಲವೆಂದು ತೋರಿಸಿದ್ದನ್ನು ನೀವು ಚೆನ್ನಾಗಿಯೇ ಹೇಳಿದ್ದೀರಿ. ಆದರೆ ಇನ್ನೊಬ್ಬ ಖಗೋಳಜ್ಞ ವಾಲ್ಟರ್ ಬಾಡೆಗೆ ಒಂದೇ ಸಾಲು ಕೊಟ್ಟಿರುವುದು ಅನ್ಯಾಯ. ನನ್ನ ಮಟ್ಟಿಗೆ ಇಡೀ ಲೇಖನದ ಜೀವ ಅಲ್ಲಿದೆ. ಅವರು ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 200 ಅಂಗುಲದ ದೂರದರ್ಶಕವನ್ನು ಆಂಡ್ರೊಮಿಡಾ ಗ್ಯಾಲಕ್ಸಿಯತ್ತ ತಿರುಗಿಸಿದಾಗ, ಅಂದು ಒಪ್ಪಿದ್ದ ದೂರ ನಿಜವಾಗಿದ್ದರೆ ಛಾಯಾಫಲಕದಲ್ಲಿ ಆರ್‌ಆರ್ ಲೈರೆಗಳು ಮೂಡಲೇಬೇಕಿತ್ತು. ಮೂಡಿದ್ದು ಅವಕ್ಕಿಂತ ಬಹಳ ಪ್ರಕಾಶಮಾನವಾದ ಕೆಂಪು ದೈತ್ಯಗಳು ಮಾತ್ರ. ಹಾಗಾದರೆ ಗ್ಯಾಲಕ್ಸಿಯೇ ಇನ್ನೂ ದೂರದಲ್ಲಿರಬೇಕು, ಅದರ ದೂರ ಅಳೆಯಲು ಬಳಸಿದ್ದ ಸೀಫೀಡ್ ತಾರೆಗಳ (ಇವೂ ಹಿಗ್ಗಿ ಕುಗ್ಗುವ, ಆದರೆ ಇನ್ನೂ ಪ್ರಕಾಶಮಾನವಾದ ತಾರೆಗಳು) ಅಳತೆಗೋಲೇ ತಪ್ಪಿರಬೇಕು ಎಂದು ಬಾಡೆ ತರ್ಕಿಸಿದರು. 1952ರಲ್ಲಿ ರೋಮ್‌ನ ಅಂತರರಾಷ್ಟ್ರೀಯ ಸಭೆಯಲ್ಲಿ ಅವರು ಇದನ್ನು ಮಂಡಿಸಿದಾಗ, ಪ್ರಿಟೋರಿಯಾದಿಂದ ಬಂದಿದ್ದ ಖಗೋಳಜ್ಞ ಡೇವಿಡ್ ಥ್ಯಾಕರೆ ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಯಾದ ಕಿರಿಯ ಮೆಗಲನ್ ಮೋಡದಲ್ಲಿ ಆರ್‌ಆರ್ ಲೈರೆಗಳು ನಿರೀಕ್ಷೆಗಿಂತ ಮಂಕಾಗಿ ಕಂಡಿದ್ದನ್ನು ತಿಳಿಸಿ ಬೆಂಬಲಿಸಿದರು. ಗ್ಯಾಲಕ್ಸಿಗಳ ದೂರ ಸುಮಾರು ಇಮ್ಮಡಿಯಾಯಿತು. ಅದರೊಂದಿಗೆ ವಿಶ್ವದ ಲೆಕ್ಕ ಹಾಕಿದ ವಯಸ್ಸೂ.

ಈ ಭಾಗಕ್ಕೆ ಜಾಗ ಬೇಕಾದರೆ ಪೀಠಿಕೆಯಲ್ಲಿನ ‘ಅದ್ಭುತ’, ‘ವಿಸ್ಮಯ’ಗಳನ್ನು ತೆಗೆಯಿರಿ, ಯಾರೂ ಕೇಳುವುದಿಲ್ಲ. ಲೋಹಾಂಶ (ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ಹೆಚ್ಚಿದ್ದರೆ ಈ ತಾರೆ ತುಸು ಮಂಕಾಗುತ್ತದೆ, ನಡುವಿನ ಧೂಳು ಬೆಳಕನ್ನು ನುಂಗುತ್ತದೆ, ಆದ್ದರಿಂದಲೇ ಇಂದು ಅವರಕ್ತ ಕಿರಣಗಳಲ್ಲಿ ಅಳೆಯುತ್ತಾರೆ ಎಂಬುದನ್ನು ಮಾತ್ರ ಬಿಡಬೇಡಿ. ಗಾಯಾ ಬಾಹ್ಯಾಕಾಶ ದೂರದರ್ಶಕದ 2022ರ ಪಟ್ಟಿಯ ಸುಮಾರು 2.7 ಲಕ್ಷ ಆರ್‌ಆರ್ ಲೈರೆಗಳನ್ನು ಹೆಸರಿಸಿರುವಿರಿ; ಅವುಗಳಲ್ಲಿ ಹತ್ತಿರದವುಗಳ ದೂರವನ್ನು ಸ್ಥಾನಪಲ್ಲಟದಿಂದ (ಭೂಮಿ ಸೂರ್ಯನನ್ನು ಸುತ್ತುವಾಗ ತಾರೆ ತುಸು ಸರಿದಂತೆ ಕಾಣುವುದರಿಂದ) ನೇರವಾಗಿ ಅಳೆದು, ಅದರಿಂದ ದೂರದವುಗಳಿಗೆ ಅಳತೆಗೋಲನ್ನು ಹೊಂದಿಸುತ್ತಾರೆ ಎಂಬುದನ್ನೂ ಸೇರಿಸಿ. ಕೊನೆಯಲ್ಲಿ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದಿದ್ದೀರಲ್ಲ, ಆ ಅಂಕಿ ಯಾವ ವಿಧಾನದಿಂದ ಬಂತೆಂದು ಅದೇ ವಾಕ್ಯದಲ್ಲಿ ಬರೆದು, ತಿದ್ದಿದ ಪ್ರತಿಯನ್ನು ಕಳುಹಿಸಿಕೊಡಿ.

ವಿಶ್ವಾಸದೊಂದಿಗೆ,
ನಿಮ್ಮ ಹಿರಿಯ ಓದುಗ